ಹೆಸರೆತ್ತದೆ ಹೋಗಿಬಂದ ಊರು

ಹೊರಡುವಾಗ ಮಗಳು ಬಾಗಿಲಲ್ಲಿ ನಿಂತು ಮೂರು ಮಾತು ಹೇಳಿದಳು. ಛತ್ರಿ ಮರೆಯಬೇಡ. ಪಾಸ್‌ಪೋರ್ಟ್ ಒಳಜೇಬಿನಲ್ಲಿರಲಿ. ಅಲ್ಲಿ ಯಾರ ಹತ್ತಿರವೂ ಊರಿನ ಹೆಸರು ಎತ್ತಬೇಡ.

ಮೊದಲಿನೆರಡು ಅರವತ್ತು ದಾಟಿದ ಅಪ್ಪನಿಗೆ ಯಾವ ಮಗಳಾದರೂ ಹೇಳುವಂಥವು. ಮೂರನೆಯದು ನನ್ನನ್ನು ಹೊಸಿಲಲ್ಲೇ ನಿಲ್ಲಿಸಿತು. ಹೋಗುವ ಊರಿನ ಹೆಸರು ಹೇಳದೆ ಟಿಕೆಟ್ ತೆಗೆದುಕೊಳ್ಳುವುದು ಹೇಗೆ? "ಇಲ್ಲಿ ಬಸ್ ಹತ್ತುವಾಗ ಡೆರಿ ಅನ್ನು. ಅಲ್ಲಿ ಇಳಿದಮೇಲೆ ಬರೀ ಸಿಟಿ ಅನ್ನು, ಸಾಕು" ಎಂದಳು. ನಮ್ಮ ಅಜ್ಜಿ ಕತ್ತಲಾದಮೇಲೆ ಹಾವಿಗೆ ಹಾವು ಅನ್ನುತ್ತಿರಲಿಲ್ಲ, ಹುಳ ಅನ್ನುತ್ತಿದ್ದಳು. ಹೆಸರು ಹಿಡಿದು ಕರೆದರೆ ಬಂದೇಬಿಡುತ್ತದೆ ಎಂಬ ಭಯ. ಅಂಥ ಊರೊಂದು ಯುರೋಪಿನ ತುದಿಯಲ್ಲಿದೆಯೆಂದು ಆವತ್ತು ಗೊತ್ತಾಯಿತು.

ಮಗಳು, ಅಳಿಯ ಇರುವುದು ಐರ್ಲೆಂಡಿನ ಡೊನೆಗಾಲ್ ಕೌಂಟಿಯ ಲೆಟರ್‌ಕೆನ್ನಿಯಲ್ಲಿ. ಅಲ್ಲಿಂದ ನಾನು ಹೊರಟ ಊರು 35 ಕಿಲೋಮೀಟರಿನ ಆಸುಪಾಸು. ಆದರೆ ಅದು ಬೇರೆ ದೇಶ. ಒಂದೇ ದ್ವೀಪದ 32 ಕೌಂಟಿಗಳಲ್ಲಿ 26 ಸ್ವತಂತ್ರ ಐರ್ಲೆಂಡಿಗೆ, 6 ಬ್ರಿಟನ್ನಿನ ಜೊತೆಗೆ. ನೂರು ವರ್ಷದ ಹಿಂದೆ ಹಿಸ್ಸೆಯಾದದ್ದು ಹೀಗೆ. ಜನ ಆ ಆರಕ್ಕೆ 'ಉತ್ತರ' ಎಂದೂ ಮಿಕ್ಕದ್ದಕ್ಕೆ 'ದಕ್ಷಿಣ' ಎಂದೂ ಹೇಳುತ್ತಾರೆ. ಇದರಲ್ಲಿ ಒಂದು ಸಣ್ಣ ತೊಡಕಿದೆ. ಇಡೀ ದ್ವೀಪದ ಉತ್ತರದ ತುತ್ತತುದಿ ಮ್ಯಾಲಿನ್ ಹೆಡ್ ಇರುವುದು 'ದಕ್ಷಿಣ'ದ ಡೊನೆಗಾಲಿನಲ್ಲಿ. ಉತ್ತರ ಐರ್ಲೆಂಡಿನ ಯಾವ ಮೂಲೆಯೂ ಅದಕ್ಕಿಂತ ಉತ್ತರಕ್ಕಿಲ್ಲ. ಅಂದರೆ ದಕ್ಷಿಣದಲ್ಲಿರುವ ಮಗಳ ಮನೆಯಿಂದ ಉತ್ತರಕ್ಕೆ ಹೋಗಲು ನಾನು ಪೂರ್ವದ ಬಸ್ ಹತ್ತಿದೆ. ದಿಕ್ಕಿಗೆ ದಿಕ್ಕುತಪ್ಪಿದ್ದನ್ನು ನೋಡಿದ್ದು ಅದೇ ಮೊದಲು.

ಗಡಿ ಬಂದಾಗ ಏನೋ ಆಗುತ್ತದೆಂದು ಕಿಟಕಿಗೆ ಮೂಗು ಒತ್ತಿ ಕೂತಿದ್ದೆ. ಹಿಂದೆ ಸೈನಿಕರು, ಕಾವಲುಗೋಪುರ ಎಲ್ಲ ಇದ್ದ ಗಡಿ. ಸುಮಾರು 500 ಕಿಲೋಮೀಟರ್ ಉದ್ದದ್ದು. ಈಗ ಒಂದು ಹಗ್ಗ ಕೂಡ ಇಲ್ಲ. ರಸ್ತೆಯಂಚಿನ ಹಳದಿ ಗೆರೆ ಬೆಳ್ಳಗಾಯಿತು, ಕಿಲೋಮೀಟರ್ ಹೋಗಿ ಮೈಲಿ ಬಂತು, ಹಸಿರು ಅಂಚೆಡಬ್ಬ ಕೆಂಪಾಯಿತು. ದೇಶ ಬದಲಾದದ್ದನ್ನು ಬಾಯಿಬಿಟ್ಟು ಹೇಳಿದ್ದು ನನ್ನ ಜೇಬಿನ ಫೋನ್ ಒಂದೇ. ಅಂದಹಾಗೆ ಆ ಹಸಿರು ಡಬ್ಬಗಳಲ್ಲಿ ಹಳೆಯವನ್ನು ಹತ್ತಿರದಿಂದ ನೋಡಬೇಕು. ಬಣ್ಣದಡಿಯಲ್ಲಿ ವಿಕ್ಟೋರಿಯಾ ರಾಣಿಯದೋ ಎಡ್ವರ್ಡ್ ದೊರೆಯದೋ ಮುದ್ರೆ ಉಬ್ಬಿಕೊಂಡೇ ಇರುತ್ತದೆ. ಎರಕದ ಕಬ್ಬಿಣ ಗಟ್ಟಿಮುಟ್ಟಾಗಿದೆ, ಬಿಸಾಡುವುದು ಯಾಕೆ, ಹಸಿರು ಬಳಿದರಾಯಿತು ಎಂದರಂತೆ ಹೊಸ ಸರಕಾರದವರು. ಸ್ವಾತಂತ್ರ್ಯ ಬಂದ ಮನೆಯಲ್ಲೂ ಹಳೇ ಪಾತ್ರೆಯಲ್ಲೇ ಅಡುಗೆ.

ಈಗ ಊರಿನ ಕಥೆ. ಮೂಲದಲ್ಲಿ ಅದು ಐರಿಷ್ ಭಾಷೆಯ 'ದೆರ್ಯ', ಅಂದರೆ ಓಕ್ ಮರದ ತೋಪು. ನಮ್ಮ ಹುಣಸೇಹಳ್ಳಿ, ಆಲದಹಳ್ಳಿಗಳಂತೆ ಮರದಿಂದ ಬಂದ ಹೆಸರು, ಯಾರ ತಂಟೆಗೂ ಹೋಗದ ಹೆಸರು. ಕೊಲಂಬ ಎಂಬ ಸಂತ ಅಲ್ಲಿ ಮಠ ಕಟ್ಟಿದ ಎನ್ನುತ್ತಾರೆ. ಸಾವಿರ ವರ್ಷ ಸುಖವಾಗಿತ್ತು. ಹದಿನೇಳನೇ ಶತಮಾನದ ಆರಂಭದಲ್ಲಿ ಒಂದನೆಯ ಜೇಮ್ಸ್ ದೊರೆ ಅಲ್ಲಿ ಹೊಸಬರನ್ನು ತಂದು ನೆಲೆಗೊಳಿಸಲು ಹೊರಟ. ಲಂಡನ್ನಿನ ವರ್ತಕ ಸಂಘಗಳು ಬಂಡವಾಳ ಹಾಕಿದವು. ಬಂಡವಾಳ ಹಾಕಿದವರ ಹೆಸರು ಬರಬೇಡವೇ? ನಮ್ಮೂರ ದೇವಸ್ಥಾನದ ಟ್ಯೂಬ್‌ಲೈಟಿನ ಮೇಲೆ ದಾನಿಗಳ ಹೆಸರನ್ನು ಎಷ್ಟು ದಪ್ಪಗೆ ಬರೆಸಿದ್ದಾರೆಂದರೆ ದೀಪ ಹಚ್ಚಿದರೆ ಹೆಸರು ಕಾಣುತ್ತದೆ, ದೇವರು ಕಾಣುವುದಿಲ್ಲ. ಅಲ್ಲೂ ಅದೇ ಆಯಿತು. 1613ರ ರಾಜಸನ್ನದಿನಲ್ಲಿ ಡೆರಿಯ ಮುಂದೆ ಲಂಡನ್ ಬಂದು ಕೂತು ಲಂಡನ್‌ಡೆರಿಯಾಯಿತು.

ಅಲ್ಲಿಂದ ನಾನೂರು ವರ್ಷ ಇಂಗ್ಲಿಷಿನ ಈ ಆರಕ್ಷರದ ಗಲಾಟೆ. ಐರ್ಲೆಂಡ್ ಒಂದಾಗಬೇಕೆನ್ನುವ ರಾಷ್ಟ್ರೀಯವಾದಿಗಳು, ಅವರಲ್ಲಿ ಹೆಚ್ಚಿನವರು ಕ್ಯಾಥೊಲಿಕರು, ಡೆರಿ ಅನ್ನುತ್ತಾರೆ. ಬ್ರಿಟನ್ ಜೊತೆಗೇ ಇರಬೇಕೆನ್ನುವ ಯೂನಿಯನಿಸ್ಟರು, ಅವರಲ್ಲಿ ಹೆಚ್ಚಿನವರು ಪ್ರಾಟೆಸ್ಟಂಟರು, ಲಂಡನ್‌ಡೆರಿ ಅನ್ನುತ್ತಾರೆ. ಹೀಗೆ ಹೇಳಿಬಿಟ್ಟರೆ ಲೆಕ್ಕ ಸರಿಹೋಯಿತು ಎಂದುಕೊಂಡಿರಾ? 1688ರ ಚಳಿಗಾಲದಲ್ಲಿ ಕ್ಯಾಥೊಲಿಕ್ ದೊರೆಯ ಸೈನ್ಯಕ್ಕೆ ಊರಬಾಗಿಲು ಹಾಕಿ, ಮರುವರ್ಷ 105 ದಿನದ ಮುತ್ತಿಗೆ ತಡೆದುಕೊಂಡ ಪ್ರಾಟೆಸ್ಟಂಟ್ ಹುಡುಗರ ನೆನಪಿಗೆ ಒಂದು ಸಂಘವಿದೆ. ಅದರ ಹೆಸರು 'ಅಪ್ರೆಂಟಿಸ್ ಬಾಯ್ಸ್ ಆಫ್ ಡೆರಿ'. ಅವರ ಬಾಯಲ್ಲಿ ಡೆರಿ ಅಂದರೆ ತಪ್ಪಿಲ್ಲ. ಇನ್ನು ಕೌಂಟಿಯ ವಿಷಯ ತೆಗೆದರೆ, ಡೆರಿ ಎಂಬ ಕೌಂಟಿ ಚರಿತ್ರೆಯಲ್ಲಿ ಇರಲೇ ಇಲ್ಲ. ಹಳೆಯ ಕೋಲ್‌ರೇನ್ ಕೌಂಟಿಗೆ ಸುತ್ತಲಿನ ಒಂದಿಷ್ಟು ಸೇರಿಸಿ ಕಟ್ಟಿದಾಗಲೇ ಅದು ಲಂಡನ್‌ಡೆರಿ. ಆದರೂ ಅರ್ಧ ಜನ ಅದನ್ನು ಕೌಂಟಿ ಡೆರಿ ಎಂದೇ ಕರೆಯುತ್ತಾರೆ. ಇತಿಹಾಸ ಓದಿಕೊಂಡು ಹೆಸರು ಹೇಳುವವರು ಲೋಕದಲ್ಲಿ ಎಲ್ಲಿದ್ದಾರೆ!

1984ರಲ್ಲಿ ಅಲ್ಲಿಯ ನಗರಸಭೆ ತನ್ನ ಹೆಸರನ್ನು ಡೆರಿ ನಗರಸಭೆ ಎಂದು ಬದಲಾಯಿಸಿಕೊಂಡಿತು. ನಗರಸಭೆಯ ಹೆಸರು ಬದಲಾಯಿತು, ನಗರದ್ದು ಬದಲಾಗಲಿಲ್ಲ. 2007ರಲ್ಲಿ ಹೈಕೋರ್ಟು, 1662ರ ರಾಜಸನ್ನದು ಇನ್ನೂ ಜೀವಂತವಾಗಿದೆ, ಕಾನೂನಿನಲ್ಲಿ ಊರು ಲಂಡನ್‌ಡೆರಿಯೇ ಎಂದು ತೀರ್ಪು ಕೊಟ್ಟಿತು. ಹೀಗೆ ಲಂಡನ್‌ಡೆರಿಯನ್ನು ಡೆರಿ ನಗರಸಭೆ ಆಳಿತು. ಐದನೇ ಶತಮಾನಕ್ಕೆ ಕಾಲಿಟ್ಟ ಈ ಜಗಳಕ್ಕೆ ಅತ್ಯುತ್ತಮ ತೀರ್ಪು ಕೊಟ್ಟವನು ನ್ಯಾಯಾಧೀಶನಲ್ಲ, ಜೆರಿ ಆಂಡರ್ಸನ್ ಎಂಬ ಅದೇ ಊರಿನ ಬಾನುಲಿ ನಿರೂಪಕ. ಡೆರಿ, ಓರೆಗೆರೆ, ಲಂಡನ್‌ಡೆರಿ ಎಂದು ದಿನವಿಡೀ ಓದಿ ಓದಿ ನಾಲಗೆ ಸೋತ ಆತ ಎರಡು ಹೆಸರನ್ನೂ ಕೈಬಿಟ್ಟು ನಡುವಿನ ಗೆರೆಯನ್ನು ಮಾತ್ರ ಉಳಿಸಿಕೊಂಡ. 'ಸ್ಟ್ರೋಕ್ ಸಿಟಿ' ಎಂದ. ಓರೆಗೆರೆಯ ಊರು. 2013ರಲ್ಲಿ ಊರು ಬ್ರಿಟನ್ನಿನ ಸಂಸ್ಕೃತಿ ನಗರವಾದಾಗ ಓರೆಗೆರೆಯೂ ಒರಟಾಯಿತೆಂದೋ ಏನೋ, ಎರಡು ಹೆಸರಿನ ನಡುವೆ ಹಾವಿನಂತೆ ಬಳುಕುವ ಗೆರೆಯೊಂದನ್ನು ಹಾಕಿದರು. ಗೆರೆ ಬಳುಕಿತು, ಜನ ಬಳುಕಲಿಲ್ಲ. ಬಸ್ಸಿನ ಕಿಟಕಿಯಿಂದ ನಾನು ಕಂಡ ರಸ್ತೆಫಲಕವೊಂದರಲ್ಲಿ 'ಲಂಡನ್' ಮೇಲೆ ಕಪ್ಪು ಬಣ್ಣ ಬಳಿದಿತ್ತು. ಅಚ್ಚುಕಟ್ಟಾದ ಕೆಲಸ. ಒಂದಕ್ಷರ ಹೆಚ್ಚಿಲ್ಲ, ಕಡಿಮೆಯಿಲ್ಲ.

ಊರಿನ ಕೋಟೆಗೋಡೆ ಚೆನ್ನಾಗಿದೆ. ಒಂದೂವರೆ ಕಿಲೋಮೀಟರ್ ಸುತ್ತಳತೆ, ಮೇಲೆ ನಡೆಯಬಹುದು, ಫಿರಂಗಿಗಳ ಪಕ್ಕ ನಿಂತು ಫೋಟೋ ತೆಗೆಸಿಕೊಳ್ಳಬಹುದು. ವಿವರಿಸಿಕೊಂಡು ಜೊತೆಗೆ ನಡೆಯುವ ಒಬ್ಬ ಹಿರಿಯರಿದ್ದರು. ಅವರ ಗುಂಪಿಗೆ ಸೇರಲು ಒಂದು ಮೇಜಿನ ಬಳಿ ಹೆಸರು ಬರೆಸಬೇಕಿತ್ತು. ನನ್ನ ಹೆಸರಿನ ಮುಂದೆ ಹುಳಿಯಾರು ಇದೆ. ನಮ್ಮ ಕಡೆ ಇನಿಷಿಯಲ್ ಎಂದರೆ ಊರೇ ತಾನೆ. "ಹೆಚ್" ಎಂದೆ. ಮೇಜಿನ ಹಿಂದಿದ್ದ ಹೆಂಗಸು ತಲೆಯೆತ್ತಿ ನೋಡಿ, ಸೋದರಮಾವನನ್ನು ಕಂಡವಳಂತೆ ನಕ್ಕಳು. ನಾನೂ ನಕ್ಕೆ. ಯಾಕೆ ನಕ್ಕಳೆಂದು ತಿಳಿದದ್ದು ರಾತ್ರಿ ಊಟಕ್ಕೆ ಕೂತಾಗ.

ಅಳಿಯ ಹೇಳಿದ: ಅಲ್ಲಿ ಯಾರೂ ಯಾರನ್ನೂ 'ನಿಮ್ಮದು ಯಾವ ಮತ' ಎಂದು ಕೇಳುವುದಿಲ್ಲ, ಕೇಳಿದರೆ ಅಸಭ್ಯತೆ. ಹಾಗೆಂದು ತಿಳಿದುಕೊಳ್ಳದೆ ಇರುವುದೂ ಇಲ್ಲ. ಹೆಸರು, ಓದಿದ ಶಾಲೆ, ಆಡುವ ಆಟ, ಹೀಗೆ ಸುತ್ತಿ ಬಳಸಿ ಪತ್ತೆ ಮಾಡುತ್ತಾರೆ. ಎಲ್ಲಕ್ಕಿಂತ ಸುಲಭದ ಪರೀಕ್ಷೆ ಇಂಗ್ಲಿಷ್ ವರ್ಣಮಾಲೆಯ ಎಂಟನೆಯ ಅಕ್ಷರ. ಕ್ಯಾಥೊಲಿಕ್ ಶಾಲೆಯಲ್ಲಿ ಓದಿದವರು ಅದನ್ನು 'ಹೇಚ್' ಅನ್ನುತ್ತಾರೆ, ಪ್ರಾಟೆಸ್ಟಂಟ್ ಶಾಲೆಯವರು 'ಏಚ್' ಅನ್ನುತ್ತಾರೆ. ನಾನು ನನ್ನ ಹಳ್ಳಿ ಶಾಲೆಯ ಮೇಷ್ಟರು ಕಲಿಸಿದ ಹಾಗೆ ಬಾಯ್ತುಂಬ 'ಹೆಚ್' ಎಂದು, ನನಗರಿವಿಲ್ಲದೆ ರೋಮಿಗೆ ನಿಷ್ಠೆ ಸಲ್ಲಿಸಿ ಬಂದಿದ್ದೆ!

ಇದನ್ನು ಕೇಳಿದಮೇಲೆ ನನಗೆ ನಮ್ಮ ಪತ್ರಿಕೆಗಳ ಮೇಲೆ ಗೌರವ ಹೆಚ್ಚಾಯಿತು. ಒಂದು ಪತ್ರಿಕೆ 'ಎಚ್' ಎಂದು ಅಚ್ಚು ಮಾಡುತ್ತದೆ, ಇನ್ನೊಂದು 'ಹೆಚ್' ಎಂದು. ಒಬ್ಬನೇ ರಾಜಕಾರಣಿ ಎರಡು ಪತ್ರಿಕೆಯಲ್ಲಿ ಎರಡು ಬಗೆ. ಅಷ್ಟಾದರೂ ಇದುವರೆಗೆ ಆ ವಿಷಯಕ್ಕೆ ಒಂದು ಬಸ್ಸಿಗೂ ಕಲ್ಲು ಬಿದ್ದಿಲ್ಲ. ಹಕಾರದೊಂದಿಗೆ ಕನ್ನಡಿಗರ ಸಂಬಂಧವೇ ಉದಾರವಾದದ್ದು. ಪಾಲನ್ನು ಹಾಲು ಮಾಡಿಕೊಂಡೆವು, ಪುಲಿಯನ್ನು ಹುಲಿ ಮಾಡಿಕೊಂಡೆವು, ಬೇಕೆನಿಸಿದಾಗ ಹಾಲನ್ನು ಆಲು ಮಾಡಿಯೂ ಕುಡಿದೆವು.

ನಡಿಗೆಯ ಹಿರಿಯರ ವಿಷಯ ಹೇಳುತ್ತಿದ್ದೆ. ಒಂದೂವರೆ ಗಂಟೆ ಮಾತಾಡಿದರು. ಗೋಡೆಯ ಒಂದು ಬದಿಗೆ, ಪಾದಚಾರಿ ಮಾರ್ಗದ ಅಂಚಿಗೂ ಕೆಂಪು, ಬಿಳಿ, ನೀಲಿ ಬಳಿದ ಯೂನಿಯನಿಸ್ಟರ ಕೇರಿ ತೋರಿಸಿದರು. ಇನ್ನೊಂದು ಬದಿಗೆ ಬಾಗ್‌ಸೈಡ್. ಮನೆಯ ಗೋಡೆಯಷ್ಟೆತ್ತರದ ಚಿತ್ರಗಳು, 1972ರ ಜನವರಿಯಲ್ಲಿ ಸೈನಿಕರ ಗುಂಡಿಗೆ ಸತ್ತವರ ನೆನಪು. ಅಲ್ಲಿ ಅವರ ದನಿ ತಗ್ಗಿತು, ನಾವೂ ಸುಮ್ಮನಾದೆವು. ಆಮೇಲೆ ಗಿಲ್ಡ್‌ಹಾಲ್ ತೋರಿಸಿ, ಬ್ರಯನ್ ಫ್ರೀಲ್ ಬರೆದ 'ಟ್ರಾನ್ಸ್‌ಲೇಷನ್ಸ್' ನಾಟಕ ಮೊದಲ ಸಲ ಆಡಿದ್ದು ಇಲ್ಲೇ, 1980ರಲ್ಲಿ ಎಂದರು. ಬ್ರಿಟಿಷ್ ಮೋಜಣಿದಾರರು ಐರಿಷ್ ಹಳ್ಳಿಯೊಂದಕ್ಕೆ ಬಂದು ಊರುಕೇರಿ ಹಳ್ಳಕೊಳ್ಳಗಳ ಹೆಸರನ್ನೆಲ್ಲ ಇಂಗ್ಲಿಷಿನ ಕಿವಿಗೆ ಒಗ್ಗಿಸುವ ಕಥೆ ಅದು. ಆ ಮೋಜಣಿ 1824ರಲ್ಲಿ ಆರಂಭವಾದದ್ದು. ಅದರ ಅಳತೆಪಟ್ಟಿಗಳನ್ನು ನೋಡಲು 1829ರಲ್ಲಿ ಐರ್ಲೆಂಡಿಗೆ ಬಂದವರಲ್ಲಿ ನಮ್ಮ ಜಾರ್ಜ್ ಎವರೆಸ್ಟ್ ಒಬ್ಬ. ಭಾರತದ ಮೋಜಣಿಗೆಂದು ಬೆಂಗಳೂರಿನ ಬಯಲಲ್ಲಿ ಸರಪಳಿ ಎಳೆಸಿದ ಲ್ಯಾಂಬ್ಟನ್ನನ ಉತ್ತರಾಧಿಕಾರಿ. ಬೆಂಗಳೂರು ಬ್ಯಾಂಗಲೋರ್ ಆದ ಹಾಗೆಯೇ ಅಲ್ಲಿಯ ಊರುಗಳೂ ಆದವು ಎಂದರೆ ಕಾಗಕ್ಕ ಗುಬ್ಬಕ್ಕನ ಕಥೆಯಂತೆ ತುಂಬ ಸರಳವಾದೀತು. ಆದರೆ ಅಳೆಯುವವನ ಕಿವಿಯಲ್ಲಿ ಊರು ಕುಗ್ಗುವುದು ಎಲ್ಲ ಕಡೆಯೂ ಉಂಟು.

ಇಷ್ಟೆಲ್ಲ ಹೇಳಿದ ಆ ಹಿರಿಯರು ಒಂದೂವರೆ ಗಂಟೆಯಲ್ಲಿ ತಾನು ತೋರಿಸುತ್ತಿರುವ ಊರಿನ ಹೆಸರನ್ನು ಒಮ್ಮೆಯೂ ಹೇಳಲಿಲ್ಲ. 'ಈ ಪಟ್ಟಣ', 'ನಮ್ಮೂರು', 'ಇಲ್ಲಿ', 'ಗೋಡೆಯೊಳಗೆ'. ಎಂಥ ಕಸರತ್ತು! ಎಲ್ಲೋ ಕೇಳಿದ ಶೈಲಿ ಎನ್ನಿಸಿತು. ನಮ್ಮ ಅಮ್ಮ ಐವತ್ತೆರಡು ವರ್ಷ ಸಂಸಾರ ಮಾಡಿದರೂ ಅಪ್ಪನ ಹೆಸರನ್ನು ಬಾಯಲ್ಲಿ ಆಡಲಿಲ್ಲ. 'ಇವರು', 'ನಮ್ಮನೆಯವರು', 'ಕೇಳಿಸ್ತಾ' ಇಷ್ಟರಲ್ಲೇ ಒಂದು ಗೃಹಸ್ಥಾಶ್ರಮ ಮುಗಿಯಿತು. ಒಮ್ಮೆ ಪಡಿತರ ಚೀಟಿಯ ಗುಮಾಸ್ತ ಹಟ ಹಿಡಿದಾಗ ನನ್ನನ್ನು ಮುಂದೆ ತಳ್ಳಿ ಹೇಳಿಸಿದಳು. ಆಯಸ್ಸು ಕಡಿಮೆಯಾಗುತ್ತದೆಂದು ಅಮ್ಮನ ನಂಬಿಕೆ. ಡೆರಿಯ ಹಿರಿಯರ ನಂಬಿಕೆಯೂ ಅದಕ್ಕಿಂತ ಬೇರೆಯಲ್ಲ ಎಂದು ಈಗ ನನಗನಿಸುತ್ತದೆ. ನೂರಾರು ಜನರ ಆಯಸ್ಸು ನಿಜವಾಗಿಯೂ ಕಡಿಮೆಯಾದ ಊರು ಅದು.

ಈ 'ಇವರು' ಪದ್ಧತಿ ಬೀದಿಯ ಮಾತಷ್ಟೇ ಅಲ್ಲ, ಎರಡು ಸರಕಾರಗಳದ್ದೂ ಹೌದು. ಬ್ರಿಟನ್, ಐರ್ಲೆಂಡ್ ಎರಡನ್ನೂ ಸೇರಿಸಿ ಏನೆಂದು ಕರೆಯಬೇಕು? ನಮ್ಮ ಶಾಲೆಯ ಭೂಪಟದಲ್ಲಿ ದಪ್ಪಕ್ಷರದಲ್ಲಿ 'ಬ್ರಿಟಿಷ್ ದ್ವೀಪಗಳು' ಎಂದಿತ್ತು. ನಾನು ಅದನ್ನು ಗುರುತಿಸಿ ಎರಡು ಅಂಕ ತೆಗೆದುಕೊಂಡವನು. ಐರಿಷರಿಗೆ ಆ ಹೆಸರು ಆಗದು. ನಾವು ಬ್ರಿಟಿಷರಲ್ಲ, ನಮ್ಮ ದ್ವೀಪ ಬ್ರಿಟಿಷ್ ಹೇಗಾಯಿತು ಎಂಬುದು ಅವರ ಪ್ರಶ್ನೆ. ಇದು ಬರೀ ಭೂಗೋಳ, ರಾಜಕೀಯವಲ್ಲ ಎಂಬುದು ಬ್ರಿಟನ್ನಿನ ಹಲವರ ಉತ್ತರ. ತನ್ನ ಹೆಸರು ಬೋರ್ಡಿನ ಮೇಲಿರುವವನಿಗೆ ಬೋರ್ಡು ಯಾವಾಗಲೂ ಬರೀ ಬೋರ್ಡು. 2006ರಲ್ಲಿ ಐರ್ಲೆಂಡಿನ ಪಠ್ಯಪುಸ್ತಕ ಪ್ರಕಾಶಕರೊಬ್ಬರು ಶಾಲಾ ಭೂಪಟದಿಂದ ಆ ಹೆಸರನ್ನು ತೆಗೆದೇಬಿಟ್ಟರು. ಹಾಗಾದರೆ ಬದಲಿ ಏನು? 1998ರ ಶಾಂತಿ ಒಪ್ಪಂದ ಬರೆಯುವಾಗ ಘಟಾನುಘಟಿಗಳು ಕೂತು ಕಂಡುಕೊಂಡದ್ದು 'ಈ ದ್ವೀಪಗಳು' ಎಂಬ ಮಾತು. ಇವರು, ನಮ್ಮನೆಯವರು! ಅಲ್ಲಿ ನಿಂತು ಹೇಳಿದರೆ ಸೊಗಸಾದ ಮಾತು. ಹುಳಿಯಾರಿನಲ್ಲಿ ನಿಂತು 'ಈ ದ್ವೀಪಗಳು' ಎಂದರೆ ಜನ ಕೆರೆಯ ಕಡೆ ನೋಡುತ್ತಾರೆ.

ಆ ಶಾಂತಿ ಒಪ್ಪಂದಕ್ಕೂ ಎರಡು ಹೆಸರು ಎಂಬುದನ್ನು ಹೇಳಿಬಿಡುತ್ತೇನೆ. ಒಂದು ಕಡೆಯವರು ಗುಡ್ ಫ್ರೈಡೇ ಒಪ್ಪಂದ ಎಂದರೆ ಇನ್ನೊಂದು ಕಡೆಯವರು ಬೆಲ್‌ಫಾಸ್ಟ್ ಒಪ್ಪಂದ ಎನ್ನುತ್ತಾರೆ.

ದೇಶದ ಹೆಸರಿನ ಕಥೆ ಇನ್ನೂ ಸ್ವಾರಸ್ಯ. 1937ರ ಐರಿಷ್ ಸಂವಿಧಾನ, ನಮ್ಮ ದೇಶದ ಹೆಸರು ಐರಿಷಿನಲ್ಲಿ ಏರೆ, ಇಂಗ್ಲಿಷಿನಲ್ಲಿ ಐರ್ಲೆಂಡ್ ಎಂದು ಸಾರಿತು. ಐರ್ಲೆಂಡ್ ಎಂದು ಒಪ್ಪಿಬಿಟ್ಟರೆ ಇಡೀ ದ್ವೀಪ ಅವರದೆಂದು ಒಪ್ಪಿದಂತಾಗುವುದಲ್ಲ ಎಂದು ಲಂಡನ್ನಿಗೆ ದಿಗಿಲು. ಆದ್ದರಿಂದ ಇಂಗ್ಲಿಷ್ ಬರೆಯುವಾಗಲೂ 'ಏರೆ' ಎಂದೇ ಬರೆಯತೊಡಗಿದರು. ಅದನ್ನೂ ಸರಿಯಾಗಿ ಬರೆದರೇ? ಮೊದಲಕ್ಷರದ ಮೇಲಿನ ದೀರ್ಘದ ಗೆರೆ ಬಿಟ್ಟರು. ದೀರ್ಘ ಬಿಟ್ಟ ಆ ಪದಕ್ಕೆ ಐರಿಷಿನಲ್ಲಿ ಹೊರೆ ಎಂದು ಅರ್ಥ. ಕಾಡನ್ನು ಕಡು ಮಾಡಿದ ಹಾಗೆ, ದೇಶವನ್ನು ಮೂಟೆ ಮಾಡಿದರು. 1949ರಲ್ಲಿ ಐರಿಷರು ತಮ್ಮನ್ನು ಗಣರಾಜ್ಯ ಎಂದು ಬಣ್ಣಿಸಿಕೊಂಡಾಗ ಲಂಡನ್ ಆ ಬಣ್ಣನೆಯನ್ನೇ ಹೆಸರು ಮಾಡಿಕೊಂಡು ರಿಪಬ್ಲಿಕ್ ಆಫ್ ಐರ್ಲೆಂಡ್ ಎಂದಿತು. 1985ರಲ್ಲಿ ಎರಡು ಸರಕಾರಗಳೂ ಒಂದು ಒಪ್ಪಂದಕ್ಕೆ ಬಂದಾಗ ಶೀರ್ಷಿಕೆಯ ಬಗ್ಗೆ ಮಾತ್ರ ಒಪ್ಪಂದವಾಗದೆ ಎರಡು ಪ್ರತಿ ಮಾಡಿಸಿದರು. ಒಂದರಲ್ಲಿ 'ಐರ್ಲೆಂಡ್ ಸರಕಾರ', ಇನ್ನೊಂದರಲ್ಲಿ 'ರಿಪಬ್ಲಿಕ್ ಆಫ್ ಐರ್ಲೆಂಡ್ ಸರಕಾರ'. ಬೀಗರಿಬ್ಬರೂ ಲಗ್ನಪತ್ರಿಕೆಯನ್ನು ಬೇರೆಬೇರೆ ಅಚ್ಚು ಹಾಕಿಸಿದಂತೆ. 1989ರಲ್ಲಿ ಐರ್ಲೆಂಡಿನ ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿಯೊಬ್ಬರು, ಆರೋಪಿಯನ್ನು ಒಪ್ಪಿಸಿ ಎಂದು ಕೇಳುವ ವಾರಂಟಿನಲ್ಲಿ ನಮ್ಮ ದೇಶದ ಹೆಸರು ಸರಿಯಾಗಿಲ್ಲದಿದ್ದರೆ ತಿದ್ದಿಕೊಂಡು ಬನ್ನಿ ಎಂದು ವಾಪಸು ಕಳಿಸಿ ಎಂದರು. ಕಳ್ಳನಿಗೂ ಒಂದು ದೀರ್ಘ, ಒಂದು ಹ್ರಸ್ವದಿಂದ ಬಿಡುಗಡೆಯಾಗುವ ಆಸೆ! 1998ರಲ್ಲಿ ಕಡೆಗೂ ಒಬ್ಬರ ಹೆಸರನ್ನು ಇನ್ನೊಬ್ಬರು ಅವರಿಗೆ ಬೇಕಾದಂತೆ ಬರೆದರು.

ಇಂಥ ಜಗಳ ಕಂಡಾಗ ಬೇರಿಗೆ ಹೋಗಿ ನೋಡುವ ಚಪಲ ನನಗೆ. ನೋಡಬಾರದಿತ್ತು. ಬ್ರಿಟನ್ ಎಂಬ ಹೆಸರನ್ನು ಮೊದಲು ಕೇಳಿಸಿಕೊಂಡು ಬರೆದವನು ಕ್ರಿಸ್ತಪೂರ್ವ ನಾಲ್ಕನೇ ಶತಮಾನದ ಗ್ರೀಕ್ ನಾವಿಕ ಪಿಥಿಯಸ್ ಎನ್ನುತ್ತಾರೆ. ಪ್ರೆತಾನಿ ಎಂಬ ಜನರ ಹೆಸರು ಅದು. ಐರಿಷಿನ ಹಳೆಯ 'ಕ್ರುಥನಿ' ಎಂಬ ಪದವೂ ಅದೇ ಮೂಲದ್ದು. ಒಂದು ಕಡೆ ಪಕಾರವಾದದ್ದು ಇನ್ನೊಂದು ಕಡೆ ಕಕಾರವಾಗಿ ಉಳಿಯಿತು. ಪಾಲು, ಹಾಲಿನ ಬಂಧುಗಳಾದ ನಮಗೆ ಇದೇನು ಹೊಸದಲ್ಲ. ಸ್ಕಾಟ್ಲೆಂಡಿನ ಕಥೆ ಇನ್ನೂ ಮಜ. ಲ್ಯಾಟಿನ್ನಿನಲ್ಲಿ ಸ್ಕಾಟಿ ಎಂದರೆ ಮೊದಲು ಐರಿಷರು. ಅವರು ಕಡಲು ದಾಟಿ ಹೋಗಿ ನೆಲೆಸಿದ್ದಕ್ಕೆ ಅದು ಸ್ಕಾಟ್ಲೆಂಡ್. ಹೆಸರು ಐರಿಷರದ್ದು, ಈಗ ಅನುಭವಿಸುವವರು ಬೇರೆ. ಪ್ರತಿಯಾಗಿ ಐರ್ಲೆಂಡಿನ ಪೋಷಕ ಸಂತ ಪ್ಯಾಟ್ರಿಕ್ ಹುಟ್ಟಾ ಬ್ರಿಟನ್ನಿನವನು. ಕಡಲುಗಳ್ಳರು ಎತ್ತಿಕೊಂಡು ಬಂದ ಹುಡುಗ. ವೇಲ್ಸ್ ಎಂಬುದು ಇಂಗ್ಲಿಷರು ಕೊಟ್ಟ ಹೆಸರು, ಪರಕೀಯರು ಎಂದರ್ಥ. ಯಾರು ಯಾರ ಊರಿಗೆ ಬಂದು ಯಾರನ್ನು ಪರಕೀಯರೆಂದರೋ! ವೇಲ್ಸಿನವರು ತಮ್ಮನ್ನು ತಾವು ಕರೆದುಕೊಳ್ಳುವುದು ಕುಮ್ರಿ ಎಂದು, ಅಂದರೆ ಒಂದೇ ನಾಡಿನವರು. ಇನ್ನು ಗ್ರೇಟ್ ಬ್ರಿಟನ್ನಿನ 'ಗ್ರೇಟ್' ಬಗ್ಗೆ ನಮ್ಮಲ್ಲಿ ಅನೇಕರಿಗೆ ಕೋಪವಿದೆ. ಅದು ಜಂಬವಲ್ಲ. ಫ್ರಾನ್ಸಿನಲ್ಲಿ ಬ್ರಿಟನಿ ಎಂಬ ಸಣ್ಣ ಬ್ರಿಟನ್ ಇರುವುದರಿಂದ ಇದು ದೊಡ್ಡದು. ದೊಡ್ಡಬಳ್ಳಾಪುರ, ಚಿಕ್ಕಬಳ್ಳಾಪುರ, ಅಷ್ಟೇ.

ಹೆಸರನ್ನು ಕಾನೂನು ಮಾಡಿ ತಿದ್ದಿದರೆ ಸರಿಹೋಗುತ್ತದೆಯೇ? ಐರಿಷರು ಅದನ್ನೂ ಮಾಡಿ ನೋಡಿದ್ದಾರೆ. ಕಾರ್ಕ್ ಬಳಿಯ ಬಂದರೊಂದಕ್ಕೆ 1849ರಲ್ಲಿ ವಿಕ್ಟೋರಿಯಾ ರಾಣಿ ಬಂದಳೆಂದು ಕ್ವೀನ್ಸ್‌ಟೌನ್ ಎಂದು ಹೆಸರಿಟ್ಟಿದ್ದರು. ಟೈಟಾನಿಕ್ ಕಡೆಯದಾಗಿ ಲಂಗರು ಹಾಕಿದ್ದು ಅಲ್ಲೇ. 1920ರಲ್ಲಿ ರಾಣಿಯನ್ನು ಇಳಿಸಿ 'ಕೋವ್' ಎಂದು ಶುದ್ಧ ಐರಿಷ್ ಹೆಸರಿಟ್ಟರು. ಐರಿಷ್ ಕಾಗುಣಿತದಲ್ಲಿ ವಕಾರದ ಸದ್ದಿಗೆ ಎರಡಕ್ಷರ ಬೇಕಾದ್ದರಿಂದ ಬೋರ್ಡಿನ ಮೇಲೆ ನೋಡಲು ಬಹಳ ಪುರಾತನವಾಗಿ ಕಾಣುತ್ತದೆ. ಬಾಯಲ್ಲಿ ಹೇಳಿ ನೋಡಿದರೆ ಕೊಲ್ಲಿ ಎಂಬರ್ಥದ ಇಂಗ್ಲಿಷಿನ ಕೋವ್! ರಾಣಿ ಬರುವ ಮುಂಚಿನ ಇಂಗ್ಲಿಷ್ ಹೆಸರೇ ಪಂಚೆ ಉಟ್ಟು ಬಂದಿತ್ತು. ಡಿಂಗಲ್ ಎಂಬ ಪ್ರವಾಸಿಗಳ ಊರಿನದು ಇದರ ತದ್ವಿರುದ್ಧ. 2005ರಲ್ಲಿ ಸರಕಾರ, ಐರಿಷ್ ಆಡುವ ಸೀಮೆಯಲ್ಲಿದೆ ಎಂದು ಅದರ ಇಂಗ್ಲಿಷ್ ಹೆಸರು ರದ್ದುಮಾಡಿ 'ಅನ್ ದಾಂಗನ್' ಎಂದು ಫಲಕ ಹಾಕಿತು. ಪ್ರವಾಸಿಗಳು ದಾರಿ ತಪ್ಪಿದರು, ಹೋಟೆಲಿನವರು ಕಂಗಾಲಾದರು, ಫಲಕದ ಮೇಲೆ ಜನ ತಾವೇ ಡಿಂಗಲ್ ಎಂದು ಬರೆದರು. ಮತಪೆಟ್ಟಿಗೆ ಇಟ್ಟಾಯಿತು. ಕಡೆಗೆ 2011ರಲ್ಲಿ ಡಿಂಗಲ್ ಮರಳಿ ಬಂತು. ಉಳಿದ ಕಡೆ ಲಂಡನ್ನಿಗೆ ಬಳಿಯುವ ಬಣ್ಣ ಇಲ್ಲಿ ಡಬ್ಲಿನ್ನಿನ ಮೇಲೆ ಖರ್ಚಾಯಿತು.

ಹೆಸರಿನ ಪಾಡು ಹೀಗಾದರೆ ಮನುಷ್ಯರ ಪಾಡು ಹೇಗೆ? 2021ರ ಜನಗಣತಿಯಲ್ಲಿ ಉತ್ತರ ಐರ್ಲೆಂಡಿನವರನ್ನು ನೀವು ಯಾರೆಂದು ಕೇಳಿದರು. ಬರೀ ಬ್ರಿಟಿಷರು ಎಂದವರು ನೂರಕ್ಕೆ ಸುಮಾರು 32, ಬರೀ ಐರಿಷರು ಎಂದವರು 29, ಬರೀ ಉತ್ತರ ಐರಿಷರು ಎಂದವರು 20. ಮಿಕ್ಕವರು ಎರಡು ಮೂರು ಕಡೆ ಗುರುತು ಹಾಕಿ ಅಥವಾ ಇನ್ನೇನೋ ಆಗಿ ನಿಶ್ಚಿಂತರಾದರು. ಅಲ್ಲಿ ಹುಟ್ಟಿದವರು ಬ್ರಿಟಿಷರೂ ಆಗಬಹುದು, ಐರಿಷರೂ ಆಗಬಹುದು, ಎರಡೂ ಆಗಬಹುದು ಎಂದು 1998ರ ಒಪ್ಪಂದದಲ್ಲೇ ಇದೆ. ಜೇಬಿನಲ್ಲಿ ಎರಡು ಪಾಸ್‌ಪೋರ್ಟ್ ಇಟ್ಟುಕೊಂಡವರು ಬೇಕಾದಷ್ಟು. ನನ್ನ ಒಂದೇ ಪಾಸ್‌ಪೋರ್ಟಿನಲ್ಲೂ ಎರಡು ದೇಶ ಸೇರಿ ಕೊಟ್ಟ 'ಬ್ರಿಟಿಷ್-ಐರಿಷ್' ಯೋಜನೆಯ ವೀಸಾ ಇತ್ತು. ದ್ವೀಪಗಳಿಗೆ ಹೆಸರು ಕೊಡಲಾಗದವರು ನನ್ನಂಥ ಪ್ರವಾಸಿಗೆ ಮಾತ್ರ ಒಂದು ಅ‌ಡ್ಡಗೆರೆ ಹಾಕಿ ಒಟ್ಟಿಗೇ ಬಾಗಿಲು ತೆರೆದಿದ್ದರು.

ಇದೆಲ್ಲ ಅವರ ತಲೆನೋವು, ನಮಗೇನು ಎನ್ನುವಂತಿಲ್ಲ. ನಮ್ಮನ್ನು ಆಳಿದ್ದು 'ಇಂಗ್ಲಿಷರು' ಎಂದು ಸಾರಾಸಗಟಾಗಿ ಹೇಳಿಬಿಡುತ್ತೇವೆ. ಬೆಂಗಳೂರಿನ ಕಬ್ಬನ್ ಪಾರ್ಕಿಗೇ ಬನ್ನಿ. 1834ರಿಂದ 1861ರವರೆಗೆ ಮೈಸೂರು ಸೀಮೆಯ ಕಮಿಷನರಾಗಿದ್ದ ಮಾರ್ಕ್ ಕಬ್ಬನ್ ಇಂಗ್ಲೆಂಡಿನವನಲ್ಲ, ಐಲ್ ಆಫ್ ಮ್ಯಾನಿನವನು. ಆ ಪುಟ್ಟ ದ್ವೀಪ ಬ್ರಿಟಿಷ್ ದೊರೆಗೆ ಸೇರಿದ್ದು, ಆದರೆ ಯುನೈಟೆಡ್ ಕಿಂಗ್‌ಡಮ್ಮಿಗೆ ಸೇರಿದ್ದಲ್ಲ! ಪಾರ್ಕನ್ನು ರೂಪಿಸಿದ ಸ್ಯಾಂಕಿ, ಕೆರೆಯ ಸ್ಯಾಂಕಿಯೇ, ಐರ್ಲೆಂಡಿನ ಟಿಪರರಿಯಲ್ಲಿ ಹುಟ್ಟಿದವನು. ಮೈಸೂರಿನಿಂದ ಹೋದಮೇಲೆ ಐರ್ಲೆಂಡಿನ ಲೋಕೋಪಯೋಗಿ ಮಂಡಳಿಯ ಅಧ್ಯಕ್ಷನಾದ. ಪಾರ್ಕಿಗೆ ಮೊದಲಿದ್ದ ಹೆಸರು ಮೀಡ್ಸ್ ಪಾರ್ಕ್. 1927ರಲ್ಲಿ ಅದನ್ನು ಅಧಿಕೃತವಾಗಿ ಶ್ರೀ ಚಾಮರಾಜೇಂದ್ರ ಉದ್ಯಾನ ಮಾಡಿದರು. ಚಾಮರಾಜೇಂದ್ರ ಉದ್ಯಾನಕ್ಕೆ ಬಿಡಪ್ಪ ಎಂದು ಆಟೋದವನಿಗೆ ಹೇಳಿ ನೋಡಿ, ಮೈಸೂರಿಗೆ ಎಷ್ಟಾಗುತ್ತದೆ ಎಂದು ಹೇಳಿಯಾನು.

ಶ್ರೀರಂಗಪಟ್ಟಣದ ದರಿಯಾ ದೌಲತ್ತಿನಲ್ಲಿ ವಾಸವಾಗಿದ್ದ ಆರ್ಥರ್ ವೆಲ್ಲೆಸ್ಲಿಯೂ ಡಬ್ಲಿನ್ನಿನಲ್ಲಿ ಹುಟ್ಟಿದವನೇ. ಲಾಯದಲ್ಲಿ ಹುಟ್ಟಿದ ಮಾತ್ರಕ್ಕೆ ಕುದುರೆಯಾಗುತ್ತಾರೆಯೇ ಎಂದು ತನ್ನ ಐರಿಷ್‌ತನವನ್ನು ಅವನು ತಳ್ಳಿಹಾಕಿದ ಎಂದು ಕಥೆ. ನಿಜದಲ್ಲಿ ಆ ಮಾತು ಅವನದ್ದಲ್ಲ. ಅವನನ್ನು ಹಂಗಿಸಲು ಐರಿಷ್ ನಾಯಕ ಡೇನಿಯಲ್ ಓಕಾನೆಲ್ ಆಡಿದ್ದು. ಕುದುರೆ ಯಾರದೋ, ಲಾಯ ಯಾರದೋ. ಬಿಎಂಶ್ರೀಯವರ 'ಇಂಗ್ಲಿಷ್ ಗೀತಗಳು' ಓದಿ ಬೆಳೆದವರು ನಾವು. ಅದರಲ್ಲಿ ನಮಗೆಲ್ಲ ಬಾಯಿಪಾಠವಾದ 'ಕಾರಿಹೆಗ್ಗಡೆಯ ಮಗಳು' ಮೂಲದಲ್ಲಿ ಸ್ಕಾಟ್ಲೆಂಡಿನ ಕವಿ ತಾಮಸ್ ಕ್ಯಾಂಬೆಲ್ಲನದ್ದು, ಸ್ಕಾಟ್ಲೆಂಡಿನ ಹುಡುಗಿಯ ಕಥೆ. ಶ್ರೀಯವರು ಭಾಷೆಯ ಹೆಸರು ಹೇಳಿದರು, ತಪ್ಪಿಲ್ಲ. ನಾವು ದೇಶವೆಂದು ಕೇಳಿಸಿಕೊಂಡೆವು. ಇನ್ನು 2011ರ ಮಾರ್ಚ್ 2ರ ರಾತ್ರಿ ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ 327 ರನ್ನುಗಳ ಇಂಗ್ಲೆಂಡನ್ನು ಐರ್ಲೆಂಡ್ ಹೊಡೆದುರುಳಿಸಿದಾಗ ನಾನು ಗ್ಯಾಲರಿಯಲ್ಲಿದ್ದೆ. ಕೆವಿನ್ ಓಬ್ರಯನ್ 50 ಎಸೆತದಲ್ಲಿ ನೂರು ಹೊಡೆದ. ಕೆಂಗುಲಾಬಿ ಬಣ್ಣ ಹಚ್ಚಿದ ಅವನ ತಲೆ ಇನ್ನೂ ಕಣ್ಣಿಗೆ ಕಟ್ಟಿದೆ. ಪಕ್ಕದವನು ನನ್ನನ್ನು ಕೇಳಿದ: "ಇಬ್ಬರೂ ಒಂದೇ ಅಲ್ವಾ ಸಾರ್?" ಅಲ್ಲ ಎಂದು ಘಂಟಾಘೋಷವಾಗಿ ಹೇಳಿದೆ. ಈಗ ಯೋಚಿಸಿದರೆ, ಐರ್ಲೆಂಡಿನ ನಾಯಕ ಪೋರ್ಟರ್‌ಫೀಲ್ಡ್ ಹುಟ್ಟಿದ್ದು ಯುನೈಟೆಡ್ ಕಿಂಗ್‌ಡಮ್ಮಿಗೆ ಸೇರಿದ ಉತ್ತರ ಐರ್ಲೆಂಡಿನಲ್ಲಿ, ಇಂಗ್ಲೆಂಡಿನ ನಾಯಕ ಸ್ಟ್ರಾಸ್ ಹುಟ್ಟಿದ್ದು ಜೊಹಾನೆಸ್‌ಬರ್ಗಿನಲ್ಲಿ. ಐರ್ಲೆಂಡಿಗೆ ಆಡಿದ ಎಡ್ ಜಾಯ್ಸ್ ನಾಲ್ಕು ವರ್ಷದ ಹಿಂದಿನ ವಿಶ್ವಕಪ್ಪಿನಲ್ಲಿ ಇಂಗ್ಲೆಂಡಿಗೆ ಆಡಿದ್ದ. ಆ ಪಕ್ಕದವನ ಕ್ಷಮೆ ಕೇಳಬೇಕೆನ್ನಿಸುತ್ತದೆ.

ನಮ್ಮ ಹಳ್ಳಿಯವರು ಈ ಸಮಸ್ಯೆಯನ್ನು ಬಹಳ ಹಿಂದೆಯೇ ಬಗೆಹರಿಸಿಕೊಂಡಿದ್ದಾರೆ. ಕಡಲಾಚೆಯಿಂದ ಬಂದದ್ದೆಲ್ಲ ಅವರಿಗೆ ಸೀಮೆ. ಸೀಮೆಎಣ್ಣೆ, ಸೀಮೆಸುಣ್ಣ, ಸೀಮೆಹಸು, ಸೀಮೆಬದನೆ. ಯಾವ ಸೀಮೆ ಎಂದು ಯಾರೂ ಕೇಳಲಿಲ್ಲ. ಸೀಮೆ ಎಂದರೆ ಗಡಿಯೂ ಹೌದು, ಗಡಿಯೊಳಗಿನ ನಾಡೂ ಹೌದು, ಗಡಿಯಾಚೆಗಿನ ಪರದೇಶವೂ ಹೌದು. ಮೂರನ್ನೂ ಒಂದೇ ಮಾತಿನಲ್ಲಿ ಹೇಳುವ ಸೌಕರ್ಯ ಇದ್ದಿದ್ದರೆ 1985ರಲ್ಲಿ ಎರಡು ಪ್ರತಿ ಅಚ್ಚು ಹಾಕಿಸುವ ಖರ್ಚು ಅವರಿಗೆ ಉಳಿಯುತ್ತಿತ್ತು.

ಆ ಸಂಜೆ ಬಸ್ಸಿಗೆ ಇನ್ನೂ ಸಮಯವಿತ್ತು. ಹುಳಿಯಾರಿನ ಗೆಳೆಯನೊಬ್ಬ, ತೆಂಗಿನಕಾಯಿ ಮಂಡಿಯವನು, ಹೋದಲ್ಲೆಲ್ಲ ಒಂದು ಕಾರ್ಡು ಹಾಕು ಎಂದು ಮಾತು ತೆಗೆದುಕೊಂಡಿದ್ದ. ಫಾಯ್ಲ್ ನದಿಯ ಮೇಲಿನ ಶಾಂತಿ ಸೇತುವೆಯ ಚಿತ್ರದ ಕಾರ್ಡು ಕೊಂಡು ನದಿ ದಂಡೆಯ ಬೆಂಚಿನಲ್ಲಿ ಕೂತೆ. ನದಿ ಮುಂದೆ ಹೋಗಿ ಸೇರುವ ಕೊಲ್ಲಿ ಯಾರದೆಂದು ಎರಡು ದೇಶಕ್ಕೂ ಇನ್ನೂ ಇತ್ಯರ್ಥವಾಗಿಲ್ಲವಂತೆ. ನೀರು ಮಾತ್ರ ಕೇಳದೆ ಹರಿಯುತ್ತಿತ್ತು. ಕಾಗದದ ಬಲಮೂಲೆಯಲ್ಲಿ ಊರು, ತಾರೀಖು ಬರೆಯದೆ ಮುಂದುವರಿಯಲು ನನ್ನ ಕೈಗೆ ಬಾರದು. ಡೆರಿ ಎಂದು ಬರೆಯಲು ಹೋದೆ. ಪಕ್ಕದಲ್ಲಿ ಕೂತ ಮುದುಕಿಯ ಕೈಚೀಲದ ಮೇಲೆ ಬ್ರಿಟಿಷ್ ಬಾವುಟವಿತ್ತು. ಆಕೆಗೆ ಕನ್ನಡ ಬರುವುದಿಲ್ಲ ಎಂಬುದು ಹೊಳೆಯಲು ಸ್ವಲ್ಪ ಹೊತ್ತು ಹಿಡಿಯಿತು. ಹೊಳೆದಮೇಲೂ ಬರೆಯಲಾಗಲಿಲ್ಲ. ಕಡೆಗೆ 'ಸೀಮೆಯಿಂದ' ಎಂದು ಬರೆದು, ಕ್ಷೇಮ ಎಂದು ಶುರುಮಾಡಿ, ಮಳೆಯ ವಿಷಯ ತುಂಬಿಸಿ ಕೆಂಪು ಡಬ್ಬಕ್ಕೆ ಹಾಕಿದೆ.

ಹದಿನೆಂಟು ದಿನದ ಮೇಲೆ ಅವನ ಫೋನು ಬಂತು. "ನಿನ್ನ ಕಾಗದ ಮುಟ್ಟಿತು ಕಣಯ್ಯ" ಎಂದ. "ಮಂಡಿಯಲ್ಲಿ ಎಲ್ಲರಿಗೂ ತೋರಿಸಿದೆ, ಲಂಡನ್ನಿಂದ ಬಂದದ್ದು ಅಂತ."